ಮಾತಿನ ಪಾಠ: ಪುಸ್ತಕ ಮುಚ್ಚಿದ ಮೇಲೆಯೇ ಆರಂಭ

ಜೂನ್ ತಿಂಗಳು ಬಂತೆಂದರೆ ಮುಂಬಯಿಯ ನಮ್ಮ ತುಳು-ಕನ್ನಡಿಗರ ಮನೆಗಳಲ್ಲಿ ಕಾಲೇಜು ಪ್ರವೇಶದ್ದೇ ಮಾತು. ಇಂಜಿನಿಯರಿಂಗ್, ಮೆಡಿಕಲ್ ಎಂದು ಹೋಗುವವರು ಹೋಗುತ್ತಾರೆ. ಹೋಟೆಲು, ಕ್ಯಾಂಟೀನು, ಬ್ಯಾಂಕು, ಸಣ್ಣಪುಟ್ಟ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರ ಮಕ್ಕಳಲ್ಲಿ ಅನೇಕರು ಹಿಡಿಯುವುದು ಕಾಮರ್ಸಿನ ದಾರಿಯನ್ನೇ. ಬ್ಯಾಂಕಿನಲ್ಲಿ ಇದ್ದೇನೆಂಬ ಕಾರಣಕ್ಕೆ ಹೆತ್ತವರು ನನ್ನ ಬಳಿಯೂ ವಿಚಾರಿಸುತ್ತಾರೆ. ಅಕೌಂಟೆನ್ಸಿಗೆ ಯಾವ ಕ್ಲಾಸು ಒಳ್ಳೆಯದು, ಹುಡುಗನಿಗೆ ಸಿ.ಎ. ಹತ್ತಬಹುದೇ, ಹುಡುಗಿಗೆ ಬ್ಯಾಂಕ್ ಪರೀಕ್ಷೆ ಬರೆಸಬಹುದೇ ಎಂದೆಲ್ಲ ಕೇಳುತ್ತಾರೆ. ಆದರೆ ಬಿ.ಕಾಂ. ಪ್ರಥಮ ವರ್ಷದಲ್ಲಿ ಬಹುಕಾಲದಿಂದ ಇದ್ದುಬಂದ ಬಿಸಿನೆಸ್ ಕಮ್ಯುನಿಕೇಶನ್ ಎಂಬ ವಿಷಯದ ಬಗ್ಗೆ ಒಬ್ಬರಾದರೂ ಕೇಳಿದ್ದು ನನಗೆ ನೆನಪಿಲ್ಲ. ನಾನಾಗಿ ಎತ್ತಿದರೂ, "ಅದು ಓದಿದರೆ ಪಾಸಾಗುತ್ತದೆ ಮಾರಾಯ್ರೆ, ಅದಕ್ಕೇನು?" ಎಂದು ಮಾತು ತೇಲಿಸಿಬಿಡುತ್ತಾರೆ.

ಓದಿದರೆ ಪಾಸಾಗುವುದು ನಿಜ. ತೊಂದರೆ ಇರುವುದೂ ಅಲ್ಲೇ. ಪದವಿ ಕೈಗೆ ಬಂದ ಮೇಲೆ ಸಂದರ್ಶನದ ಕೋಣೆಯಲ್ಲಿ ಯಾರೂ ಬ್ಯಾಲೆನ್ಸ್ ಶೀಟ್ ಬರೆದು ತೋರಿಸು ಎನ್ನುವುದಿಲ್ಲ. "ನಿಮ್ಮ ಬಗ್ಗೆ ಸ್ವಲ್ಪ ಹೇಳಿ" ಎನ್ನುತ್ತಾರೆ. ಹತ್ತು ಮಂದಿಯನ್ನು ದುಂಡಗೆ ಕೂರಿಸಿ ಒಂದು ವಿಷಯ ಕೊಟ್ಟು ಚರ್ಚೆ ಮಾಡಿ ಎನ್ನುತ್ತಾರೆ. ಎಪ್ಪತ್ತು ಶೇಕಡಾ ಅಂಕ ತೆಗೆದ ನಮ್ಮ ಮಗು ಅಲ್ಲಿ ತಲೆ ತಗ್ಗಿಸಿ ಕುಳಿತಿರುತ್ತದೆ. ಐವತ್ತು ಶೇಕಡಾದವನು ಎರಡು ಮಾತು ನೇರವಾಗಿ ಆಡಿ ನೇಮಕಾತಿ ಪತ್ರ ಹಿಡಿದುಕೊಂಡು ಹೊರಗೆ ಬರುತ್ತಾನೆ. ಇದನ್ನು ಅದೃಷ್ಟ ಎಂದು ನಾವು ಹೇಳಿಕೊಳ್ಳುತ್ತೇವೆ.

ಮುಂಬಯಿ ವಿಶ್ವವಿದ್ಯಾಲಯದ ಬಿ.ಕಾಂ. ಪಠ್ಯಕ್ರಮದಲ್ಲಿ ಕಳೆದ ದಶಕದಲ್ಲಿ ಈ ವಿಷಯ ಎರಡು ಸೆಮಿಸ್ಟರುಗಳಲ್ಲಿ ಹರಡಿಕೊಂಡಿತ್ತು. ಮೊದಲನೆಯದರಲ್ಲಿ ಸಂವಹನದ ಸಿದ್ಧಾಂತ, ಅದಕ್ಕೆ ಬರುವ ಅಡೆತಡೆಗಳು, ಉದ್ಯೋಗದ ಅರ್ಜಿ ಬರೆಯುವ ಕ್ರಮ. ಎರಡನೆಯದರಲ್ಲಿ ಪ್ರೆಸೆಂಟೇಶನ್, ಸಂದರ್ಶನ, ಸಭೆ ನಡೆಸುವುದು, ವ್ಯಾಪಾರದ ಪತ್ರಗಳು, ವರದಿ. ಹೊಸ ಶಿಕ್ಷಣ ನೀತಿಯ ಬಳಿಕ ವಿಷಯಗಳ ಹೆಸರು, ಕ್ರೆಡಿಟ್ಟುಗಳ ಲೆಕ್ಕ ಬದಲಾಗತೊಡಗಿದೆ. ಹೆಸರು ಏನೇ ಇರಲಿ, ಸಂದರ್ಶನದ ವಿಧಗಳು ಎಷ್ಟು, ಉತ್ತಮ ಭಾಷಣದ ಲಕ್ಷಣಗಳು ಯಾವುವು ಎಂದು ಪಾಯಿಂಟು ಹಾಕಿ ಬರೆದವನು ಒಮ್ಮೆಯೂ ನಾಲ್ಕು ಜನರೆದುರು ಬಾಯಿ ತೆರೆಯದೆ ಉತ್ತೀರ್ಣನಾಗಬಹುದಿತ್ತು. ಟ್ಯುಟೋರಿಯಲ್ ಎಂದು ಸಣ್ಣ ಗುಂಪುಗಳ ಪಾಠಕ್ಕೆ ವೇಳಾಪಟ್ಟಿಯಲ್ಲಿ ಜಾಗವಿತ್ತು. ಅದು ನಿಜಕ್ಕೂ ನಡೆದ ಕಡೆ ಮಕ್ಕಳು ಮಾತು ಕಲಿತರು. ನಡೆಯದ ಕಡೆ ಗೈಡ್ ಓದಿದರು. ಕೆರೆಯ ಕಟ್ಟೆಯಲ್ಲಿ ಕೂತು ಈಜಿನ ಪುಸ್ತಕ ಓದಿದ ಹಾಗೆ.

ರಾತ್ರಿ ಕಾಲೇಜಿನ ಒಂದು ತರಗತಿ

ನಾನು ಬಿ.ಕಾಂ. ಮಾಡಿದ್ದು ಸಂಜೆ ಕಾಲೇಜಿನಲ್ಲಿ, 1989ರಿಂದ ಮೂರು ವರ್ಷ. ಬ್ಯಾಂಕಿನಿಂದ ಹೊರಟು, ಲೋಕಲ್ ಹಿಡಿದು, ಸ್ಟೇಷನ್ ಹೊರಗೆ ಒಂದು ವಡಾ ಪಾವ್ ತಿಂದು ತರಗತಿಗೆ ಹೋಗಿ ಕೂರುವ ಹೊತ್ತಿಗೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಬೆಂಚಿನಲ್ಲಿ ಇದ್ದವರೆಲ್ಲ ಹಗಲು ದುಡಿಯುವವರು. ಗೋದಿಯ ಗುಮಾಸ್ತರು, ಟೈಪಿಸ್ಟರು, ಔಷಧಿ ಅಂಗಡಿಯವರು, ಹೋಟೆಲಿನ ಗಲ್ಲಾದಲ್ಲಿ ಕೂರುವ ನಮ್ಮೂರ ಹುಡುಗರು. ಮೊಗವೀರ ವ್ಯವಸ್ಥಾಪಕ ಮಂಡಳಿಯ ಉಚಿತ ರಾತ್ರಿಶಾಲೆಯಂಥ ಸಂಸ್ಥೆಗಳು ಕಳೆದ ಶತಮಾನದ ಆರಂಭದಿಂದಲೇ ನಮ್ಮವರಿಗೆ ಅಕ್ಷರ ಕೊಟ್ಟವು. ಅಂಥ ರಾತ್ರಿಶಾಲೆಗಳಲ್ಲಿ ಎಸ್.ಎಸ್.ಸಿ. ಮುಗಿಸಿ ಬಂದವರೂ ನಮ್ಮ ತರಗತಿಯಲ್ಲಿ ಇದ್ದರು. ಲೆಕ್ಕದಲ್ಲಿ ಯಾರೂ ಕಡಿಮೆಯಿರಲಿಲ್ಲ. ಇಂಗ್ಲಿಷಿನಲ್ಲಿ ಎದ್ದು ನಿಂತು ಮಾತನಾಡಬೇಕೆಂದರೆ ಮಾತ್ರ ಎಲ್ಲರೂ ಒಬ್ಬರ ಬೆನ್ನ ಹಿಂದೆ ಒಬ್ಬರು.

ಬಿಸಿನೆಸ್ ಕಮ್ಯುನಿಕೇಶನ್ ಕಲಿಸಲು ಒಬ್ಬ ಪಾರ್ಸಿ ಮಹಿಳೆ ಬರುತ್ತಿದ್ದರು. ಹಗಲು ಬೇರೊಂದು ಕಾಲೇಜಿನಲ್ಲಿ ಪಾಠ ಮುಗಿಸಿ ಇಲ್ಲಿಗೆ ಬರುವವರು. ಎರಡು ವಾರ ಪುಸ್ತಕದಿಂದ ಪಾಠ ಮಾಡಿದರು. ಮೂರನೆಯ ವಾರ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, ಇದನ್ನು ನೀವು ರೈಲಿನಲ್ಲಿ ಓದಿಕೊಳ್ಳಬಹುದು, ಇಲ್ಲಿ ನನ್ನೆದುರು ಮಾಡಬಹುದಾದ ಕೆಲಸ ಬೇರೆಯದು ಎಂದರು. ದಿನಕ್ಕೆ ನಾಲ್ಕು ಮಂದಿ, ಒಬ್ಬೊಬ್ಬರಿಗೆ ಐದು ನಿಮಿಷ. ವಿಷಯ ಎಲ್ಲರಿಗೂ ಒಂದೇ: ನೀವು ಇಂದು ಹಗಲು ಮಾಡಿದ ಒಂದು ಕೆಲಸವನ್ನು, ಆ ಕೆಲಸ ಗೊತ್ತಿಲ್ಲದವರಿಗೆ ತಿಳಿಯುವಂತೆ ಹೇಳಿ. ಇಂಗ್ಲಿಷು ತಡವರಿಸಿದರೆ ಹಿಂದಿಯಲ್ಲಿ ಹೇಳಿ, ಮತ್ತೆ ಇಂಗ್ಲಿಷಿಗೆ ಬನ್ನಿ. ನಿಲ್ಲಿಸಬೇಡಿ. ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ಕೂತರು.

ಮೊದಲ ದಿನ ಎದ್ದವರು "ರೆಸ್ಪೆಕ್ಟೆಡ್ ಮೇಡಮ್ ಆ್ಯಂಡ್ ಮೈ ಡಿಯರ್ ಫ್ರೆಂಡ್ಸ್" ಎಂದು ಆರಂಭಿಸಿ, ಭಾರತದ ಆರ್ಥಿಕ ಪ್ರಗತಿಯಲ್ಲಿ ಬಂದರುಗಳ ಪಾತ್ರ ಎಂದು ಹೊರಟರು. ಎರಡು ನಿಮಿಷದಲ್ಲಿ ಸರಕು ಖಾಲಿಯಾಯಿತು. ಬದಲಾದದ್ದು ಮೂರನೆಯ ದಿನವೋ ನಾಲ್ಕನೆಯ ದಿನವೋ, ಕುಂದಾಪುರ ಕಡೆಯ ಒಬ್ಬ ಹುಡುಗ ಎದ್ದಾಗ. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದವನು. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಲೆಕ್ಕ ಹೊಂದಿಸುವುದು ಹೇಗೆ ಎಂದು ಹೇಳಿದ. ಬಿಲ್ಲಿನ ಒಟ್ಟು ಒಂದು ಕಡೆ, ಗಲ್ಲಾದ ನಗದು ಇನ್ನೊಂದು ಕಡೆ. ಹತ್ತು ರೂಪಾಯಿ ಕಡಿಮೆ ಬಂದರೆ ಎಲ್ಲಿ ಹೋಗಿರಬಹುದೆಂದು ಹುಡುಕುವ ಕ್ರಮ, ಚಿಲ್ಲರೆ ಇಲ್ಲದಾಗ ಕೊಟ್ಟ ಚಾಕಲೇಟಿನ ಲೆಕ್ಕ, ಹತ್ತು ರೂಪಾಯಿ ಹೆಚ್ಚು ಬಂದರೆ ಅದು ಕಡಿಮೆ ಬಂದದ್ದಕ್ಕಿಂತ ದೊಡ್ಡ ತಲೆನೋವು ಯಾಕೆ ಎಂಬ ವಿವರ. ವ್ಯಾಕರಣ ಚೆಲ್ಲಾಪಿಲ್ಲಿ. ಹೆಚ್ಚು ಬಂದ ಹತ್ತು ರೂಪಾಯಿಯ ಮಾತಿಗೆ ಬಂದಾಗ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುವವರೂ ಎದ್ದು ಕೂತಿದ್ದರು. ಯಾಕೆಂದರೆ ಹೆಚ್ಚು ಬಂದದ್ದೆಂದರೆ ಯಾವನೋ ಗಿರಾಕಿಗೆ ಕಡಿಮೆ ಕೊಟ್ಟದ್ದು, ಅವನು ನಾಳೆ ಬಂದು ಕೇಳಬಹುದು, ಬಾರದೆಯೂ ಹೋಗಬಹುದು.

ಅವನು ಕುಳಿತ ಮೇಲೆ ಮೇಡಮ್ ಚಪ್ಪಾಳೆ ಹೊಡೆಸಲಿಲ್ಲ. ಕೇಳುಗರಲ್ಲಿ ಮೂವರನ್ನು ಎಬ್ಬಿಸಿ, ಅವನು ಹೇಳಿದ್ದರಲ್ಲಿ ನಿಮಗೆ ಉಳಿದದ್ದು ಏನು ಎಂದು ಕೇಳಿದರು. ಮೂವರೂ ಒಂದೇ ಮಾತು ಹೇಳಿದರು: ಹೆಚ್ಚು ಬಂದ ಹಣ ದೊಡ್ಡ ತಲೆನೋವು. ಅವರ ಅಳತೆ ಇದ್ದದ್ದು ಅಷ್ಟೇ. ಮಾತನಾಡಿದವನು ಏನು ಹೇಳಿದ ಎಂಬುದಲ್ಲ, ಕೇಳಿದವನ ಬಳಿ ಏನು ಉಳಿಯಿತು ಎಂಬುದು. ಪುಸ್ತಕದಲ್ಲಿ ಇದಕ್ಕೆ ಫೀಡ್‌ಬ್ಯಾಕ್ ಎಂದು ಹೆಸರಿದೆ, ನಾವು ಬಾಯಿಪಾಠ ಮಾಡಿದ್ದೆವು. ಅದರ ಅರ್ಥ ಹೊಳೆದದ್ದು ಆ ರಾತ್ರಿ.

ವರ್ಷದ ಕೊನೆಯವರೆಗೆ ಒಬ್ಬೊಬ್ಬರಿಗೆ ಮೂರು ಸರದಿ ಬಂದವು. ಮೊದಲ ಸರದಿಯಲ್ಲಿ ಕೈ ನಡುಗಿತು, ಎರಡನೆಯದರಲ್ಲಿ ಕಾಗದ ನಡುಗಿತು, ಮೂರನೆಯದರಲ್ಲಿ ಕಾಗದವೇ ಇರಲಿಲ್ಲ.

ಅಮೆರಿಕದಲ್ಲೂ ಸಂಜೆಯ ತರಗತಿಯೇ

ಈ ವಿಧಾನ ಆ ಮೇಡಮ್ಮಿನ ಸ್ವಂತದ್ದೆಂದು ನಾನು ಬಹಳ ಕಾಲ ತಿಳಿದಿದ್ದೆ. ಆಮೇಲೆ ಓದಿದಾಗ ಇದರ ಬೇರೂ ದುಡಿಯುವವರ ಸಂಜೆ ಪಾಠದಲ್ಲೇ ಇದೆ ಎಂದು ತಿಳಿಯಿತು. ಡೇಲ್ ಕಾರ್ನೆಗಿ ಎಂಬ ಹೆಸರು ಪುಸ್ತಕದ ಅಂಗಡಿಗಳಲ್ಲಿ ಎಲ್ಲರೂ ಕಂಡದ್ದೇ. ಮಿಸೌರಿಯ ರೈತನ ಮಗ. 1912ರಲ್ಲಿ ನ್ಯೂಯಾರ್ಕಿನ 125ನೇ ರಸ್ತೆಯ ವೈ.ಎಂ.ಸಿ.ಎ.ಯಲ್ಲಿ ರಾತ್ರಿ ಹೊತ್ತು ಭಾಷಣದ ತರಗತಿ ಕೇಳಿಕೊಂಡು ಹೋದ. ರಾತ್ರಿಯೊಂದಕ್ಕೆ ಎರಡು ಡಾಲರ್ ಸಂಬಳ ಕೊಡಲು ಅವರು ಒಪ್ಪಲಿಲ್ಲ, ಬಂದ ಶುಲ್ಕದಲ್ಲಿ ಪಾಲು ಎಂಬ ಕರಾರಾಯಿತು. ಬಂದವರು ಸೇಲ್ಸ್‌ಮನ್ನರು, ಗುಮಾಸ್ತರು, ಸಣ್ಣ ವ್ಯಾಪಾರಿಗಳು. ಅವರಿಗೆ ಬೇಕಾಗಿದ್ದದ್ದು ವಾಗ್ಮಿಯಾಗುವುದಲ್ಲ, ಕಂಪನಿಯ ಸಭೆಯಲ್ಲಿ ಎದ್ದು ನಾಲ್ಕು ಮಾತು ಹೇಳುವಾಗ ಕಾಲು ಕುಸಿಯದಿದ್ದರೆ ಸಾಕಿತ್ತು. ಮೊದಲ ದಿನ ಪಾಠದ ಸರಕು ಅರ್ಧದಲ್ಲೇ ಮುಗಿದುಹೋಯಿತು. ದಾರಿ ಕಾಣದೆ, ನಿಮಗೆ ಸಿಟ್ಟು ತರಿಸಿದ ಸಂಗತಿಯೊಂದನ್ನು ಹೇಳಿ ಎಂದು ಕೇಳುಗರನ್ನೇ ಎಬ್ಬಿಸಿದ. ಸಿಟ್ಟಿನಲ್ಲಿ ಅವರಿಗೆ ಹೆದರಿಕೆ ಮರೆತುಹೋಯಿತು. ಮುಂದೆ ಲೋಕವೆಲ್ಲ ಹರಡಿದ ಕೋರ್ಸಿನ ಮೂಲ ಉಪಾಯ ಇದೇ.

ಟೋಸ್ಟ್‌ಮಾಸ್ಟರ್ಸ್ ಎಂಬ ಭಾಷಣದ ಕ್ಲಬ್ಬುಗಳೂ ಹುಟ್ಟಿದ್ದು ವೈ.ಎಂ.ಸಿ.ಎ.ಯ ಕೋಣೆಯಲ್ಲೇ. ರಾಲ್ಫ್ ಸ್ಮೆಡ್ಲಿ ಎಂಬವರು 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆ್ಯನಾದಲ್ಲಿ ಆರಂಭಿಸಿದರು. ಇವು ಈಗ ಮುಂಬಯಿ, ಪುಣೆ, ಬೆಂಗಳೂರುಗಳಲ್ಲೂ ನಡೆಯುತ್ತವೆ. ಅಲ್ಲಿಯ ಶಿಸ್ತು ನೋಡುವಂಥದ್ದು. ಐದರಿಂದ ಏಳು ನಿಮಿಷದ ಭಾಷಣವಾದರೆ ಐದನೆಯ ನಿಮಿಷಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. "ಆ... ಊಂ..." ಎಂದು ಎಳೆದದ್ದು ಎಷ್ಟು ಸಲ ಎಂದು ಎಣಿಸಲು ಒಬ್ಬರು ಇರುತ್ತಾರೆ. ಮಾತನಾಡಿದವನ ಮಾತನ್ನು ತೂಗಿ ಹೇಳಲು ಇನ್ನೊಬ್ಬರು. ಆ ತೂಗುವವರ ಮಾತಿಗೂ ಸಮಯದ ಮಿತಿಯುಂಟು! ನಮ್ಮ ಸಭಾ ಕಾರ್ಯಕ್ರಮಗಳಿಗೆ ಆ ಮೂರು ದೀಪಗಳನ್ನು ಯಾರಾದರೂ ದಾನ ಕೊಟ್ಟರೆ ಪುಣ್ಯ ಬಂದೀತು.

ಮುಂಬಯಿಯ ಕೋರ್ಟಿನಲ್ಲಿ ಕುಳಿತುಬಿಟ್ಟ ಬ್ಯಾರಿಸ್ಟರ್

ಇದಕ್ಕೂ ಮೊದಲಿನ ಕತೆ ನಮ್ಮದೇ ಊರಿನದ್ದು. ಮಾತು ಬಾರದ ಮಕ್ಕಳಿಗೆ ನಾನು ಹೇಳುವುದು ಇದನ್ನೇ. ಇಂಗ್ಲೆಂಡಿನಲ್ಲಿ ಓದುವಾಗ ಗಾಂಧೀಜಿಗೆ ಸಸ್ಯಾಹಾರಿ ಸಂಘದ ಸಮಿತಿಯಲ್ಲಿ ತಾನು ಬರೆದು ತಂದದ್ದನ್ನು ಓದುವ ಧೈರ್ಯವೂ ಬರಲಿಲ್ಲ, ಬೇರೊಬ್ಬರು ಓದಿದರು. 1891ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿ, ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮಾಮಿಬಾಯಿ ಎಂಬವರ ಮೊಕದ್ದಮೆ ಹಿಡಿದರು. ಶುಲ್ಕ ಮೂವತ್ತು ರೂಪಾಯಿ. ಎದುರು ಪಕ್ಷದ ಸಾಕ್ಷಿಗೆ ಪ್ರಶ್ನೆ ಹಾಕಲು ಎದ್ದು ನಿಂತರು, ತಲೆ ಸುತ್ತಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಬಿಟ್ಟರು. ಪ್ರಕರಣವನ್ನು ಐವತ್ತೊಂದು ರೂಪಾಯಿಗೆ ಪಟೇಲ್ ಎಂಬ ವಕೀಲರು ನಡೆಸಿದರು. ಇದೆಲ್ಲ ಅವರೇ ಆತ್ಮಕಥೆಯಲ್ಲಿ ಬರೆದುಕೊಂಡದ್ದು.

ಆದರೆ 1893ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಭಾರತೀಯರ ಸಭೆ ಕೂಡಿಸಿ ಅದೇ ಗಾಂಧಿ ಮಾತನಾಡಿದರು. ತನ್ನ ಜೀವನದ ಮೊದಲ ಸಾರ್ವಜನಿಕ ಭಾಷಣವೆಂದು ಅವರು ಹೇಳುವುದು ಅದನ್ನೇ. ಕೇಳುಗರಲ್ಲಿ ಹೆಚ್ಚಿನವರು ಮೇಮನ್ ವ್ಯಾಪಾರಿಗಳು. ವಿಷಯ ಯಾವುದು ಗೊತ್ತೇ? ವ್ಯಾಪಾರದಲ್ಲಿ ಸತ್ಯ ಪಾಲನೆ. ವ್ಯಾಪಾರದಲ್ಲಿ ಸತ್ಯ ನಡೆಯುವುದಿಲ್ಲ ಎಂದು ನಂಬಿದವರ ಎದುರೇ ಆ ಮಾತು! ಬಿ.ಕಾಂ. ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಅದು ಪಕ್ಕಾ ಬಿಸಿನೆಸ್ ಸ್ಪೀಚ್. ತಕ್ಕಮಟ್ಟಿಗೆ ಸಿದ್ಧತೆ ಮಾಡಿಕೊಂಡೇ ಹೋಗಿದ್ದರು. ಕೋರ್ಟಿನಲ್ಲಿ ಬೇರೆಯವರ ಮೂವತ್ತು ರೂಪಾಯಿಗಾಗಿ ಎದ್ದು ನಿಂತದ್ದು. ಇಲ್ಲಿ ಹೇಳಲೇಬೇಕಾದ ಒಂದು ಮಾತು ಇತ್ತು, ಆ ಮಾತು ಬೇಕಾದವರು ಎದುರಿಗೆ ಇದ್ದರು. ವ್ಯತ್ಯಾಸ ಇದಿಷ್ಟೇ ಎಂದು ನನ್ನ ತಿಳಿವಳಿಕೆ.

ಆ ಸಭೆಯಲ್ಲಿ ಇಂಗ್ಲಿಷ್ ಕಲಿಯಬೇಕೆಂದವರಿಗೆ ತಾನೇ ಕಲಿಸುವೆನೆಂದರು. ಮುಂದೆ ಬಂದವರು ಮೂವರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಚಿಲ್ಲರೆ ಅಂಗಡಿಯವ. ಅವರಿಗೆ ಬಿಡುವಾದಾಗ ಗಾಂಧೀಜಿಯೇ ಅವರ ಕೆಲಸದ ಜಾಗಕ್ಕೆ ಹೋಗಿ ಕಲಿಸುತ್ತಿದ್ದರು. ಎಂಟು ತಿಂಗಳಲ್ಲಿ ಇಬ್ಬರು ಲೆಕ್ಕ ಬರೆಯುವಷ್ಟು, ವ್ಯವಹಾರದ ಕಾಗದ ಬರೆಯುವಷ್ಟು ಕಲಿತರು. ನನ್ನ ವೃತ್ತಿಬಾಂಧವನೊಬ್ಬ ಆ ಮೂವರಲ್ಲಿ ಇದ್ದನೆಂಬುದು ನನಗೆ ಖುಷಿಯ ವಿಷಯ.

ಆದರೂ ಧ್ವನಿ ಒಂದೇ ದಿನಕ್ಕೆ ಬರುವುದಿಲ್ಲ. 1896ರಲ್ಲಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾದ ಭಾರತೀಯರ ಕಷ್ಟ ಹೇಳಲು ಸಭೆ ಏರ್ಪಟ್ಟಾಗ ಫಿರೋಜ್‌ಶಾ ಮೆಹ್ತಾ ಅವರು ಭಾಷಣವನ್ನು ಬರೆದು ತರಬೇಕೆಂದು ಕಟ್ಟುನಿಟ್ಟಾಗಿ ಹೇಳಿದರು. ಬರೆದದ್ದು ಒಳ್ಳೆಯದಾಯಿತು. ಗಾಂಧೀಜಿಯ ಧ್ವನಿ ತುಂಬಿದ ಸಭಾಂಗಣಕ್ಕೆ ಮುಟ್ಟದೆ ಕೊನೆಗೆ ದಿನ್ಶಾ ವಾಚಾ ಅದನ್ನು ಓದಿದರು.

ಶೇಕಡಾ ಐವತ್ತೈದರ ಕತೆ

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮಕ್ಕಳ ನೋಟ್ಸ್‌ಗಳಲ್ಲಿ ಒಂದು ಲೆಕ್ಕ ತಪ್ಪದೆ ಸಿಗುತ್ತದೆ: ಸಂವಹನದಲ್ಲಿ ಪದಗಳ ಪಾಲು ಶೇಕಡಾ 7, ಧ್ವನಿಯದು 38, ಮುಖಭಾವ-ಅಂಗಭಂಗಿಯದು 55. ಇದನ್ನು ನಂಬಿ ಕೋಟು, ಟೈ, ಮುಗುಳ್ನಗೆಗೆ ಗಮನ ಕೊಟ್ಟು ಹೇಳಬೇಕಾದದ್ದನ್ನು ಮರೆಯುವ ಮಕ್ಕಳಿದ್ದಾರೆ. ಈ ಅಂಕೆಗಳು 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರು ಸಂಗಡಿಗರೊಂದಿಗೆ ಮಾಡಿದ ಪ್ರಯೋಗಗಳಿಂದ ಬಂದವು. ಬಿಡಿ ಪದಗಳನ್ನು ಬೇರೆಬೇರೆ ಧ್ವನಿಯಲ್ಲಿ ಕೇಳಿಸಿ, ಮುಖದ ಚಿತ್ರ ತೋರಿಸಿ, ಹೇಳುವವನಿಗೆ ಇಷ್ಟವೋ ಅನಿಷ್ಟವೋ ಎಂದು ಊಹಿಸಲು ಹೇಳಿದ ಪ್ರಯೋಗ. ಭಾವನೆಯ ಮಾತಿಗೆ ಬಿಟ್ಟು ಬೇರೆಡೆ ಇದನ್ನು ಹಚ್ಚಬಾರದೆಂದು ಅವರೇ ಹೇಳಿದ್ದಾರೆ. ಎಫ್.ಡಿ. ಬಡ್ಡಿ ಎಷ್ಟು ಎಂದು ಕೇಳಿದ ಗಿರಾಕಿಗೆ ಮುಖಭಾವದಿಂದ ಐವತ್ತೈದು ಶೇಕಡಾ ಉತ್ತರ ಕೊಟ್ಟು ನೋಡಲಿ!

ಕೌಂಟರಿನಲ್ಲಿ ಮಾತು ಹೇಗಿರಬೇಕು ಎಂಬುದಕ್ಕೆ ಒಂದು ಸಂದರ್ಭ ನೆನಪಾಗುತ್ತದೆ. 2019ರಲ್ಲಿ ಮುಂಬಯಿಯ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಖಾತೆದಾರರು ತಮ್ಮದೇ ಹಣ ತೆಗೆಯಲಾಗದೆ ಬೀದಿಗೆ ಬಂದರು. ಮರುದಿನವೇ ಎಲ್ಲ ಬ್ಯಾಂಕುಗಳಲ್ಲಿ ಒಂದೇ ಪ್ರಶ್ನೆ: ನಮ್ಮ ಹಣಕ್ಕೆ ಏನಾಗುತ್ತದೆ? ನಮ್ಮ ಶಾಖೆಯಲ್ಲಿ ಒಬ್ಬ ಅಧಿಕಾರಿ ಹೊರಗೆ ಬಂದು ಠೇವಣಿ ವಿಮೆಯ ಕಾಯ್ದೆ, ನಿಗಮದ ಸ್ಥಾಪನೆ, ವಿಮೆಯ ವ್ಯಾಪ್ತಿ ಎಂದು ಕ್ರಮವಾಗಿ ವಿವರಿಸತೊಡಗಿದರು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೇಳುತ್ತ ಕೇಳುತ್ತ ಜನರ ಮುಖ ಇನ್ನಷ್ಟು ಬಿಳಿಚಿಕೊಂಡಿತು. ಆಗ ಕ್ಯಾಶ್ ಕೌಂಟರಿನ ಸಹೋದ್ಯೋಗಿ, ಮರಾಠಿ ಹೆಂಗಸು, ಕುರ್ಚಿಯಿಂದ ಎದ್ದು ನಿಂತು ಮೂರು ಮಾತು ಹೇಳಿದರು. ಆ ನಿರ್ಬಂಧ ನಮ್ಮ ಬ್ಯಾಂಕಿಗೆ ಇಲ್ಲ. ಈಗ ಹಣ ಬೇಕಾದವರಿಗೆ ಈಗಲೇ ಕೊಡುತ್ತೇನೆ. ಒಂದು ಲಕ್ಷದವರೆಗೆ ಎಲ್ಲರ ಠೇವಣಿಗೂ ವಿಮೆ ಇದೆ. ಸಾಲಿನಲ್ಲಿದ್ದ ಅರ್ಧ ಜನ ಪಾಸ್‌ಬುಕ್ ಮಡಚಿ ಮನೆಗೆ ಹೋದರು. (ಆ ವಿಮೆಯ ಮಿತಿ 2020ರ ಫೆಬ್ರವರಿಯಲ್ಲಿ ಐದು ಲಕ್ಷಕ್ಕೆ ಏರಿತು.) ಕೇಳುವವನ ಹೆದರಿಕೆಗೆ ಮೊದಲು ಉತ್ತರ, ಕಾಯ್ದೆ ಕೊನೆಗೆ. ಅವರು ಯಾವ ಕೋರ್ಸಿಗೂ ಹೋದವರಲ್ಲ. ಆದರೆ ಕೋರ್ಸಿನಲ್ಲಿ ಕಲಿಸಬೇಕಾದದ್ದು ಆ ಮೂರು ಮಾತಿನ ಕ್ರಮವನ್ನೇ.

ಇಂಗ್ಲಿಷಿನ ಹೆದರಿಕೆ

ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳು ಅಥವಾ ಕನ್ನಡ, ಕಟ್ಟಡದ ಕೆಳಗೆ ಹಿಂದಿ, ಬಸ್ಸಿನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ನಾಲ್ಕು ಭಾಷೆಯಲ್ಲಿ ಜಗಳವಾಡಬಲ್ಲ ಮಗು ಪ್ರೆಸೆಂಟೇಶನ್ ಎಂದ ಕೂಡಲೇ ಮೂಕವಾಗುವುದು ವಿಚಿತ್ರ. ಕಾರಣ, ಭಾಷಣವೆಂದರೆ ತನ್ನದಲ್ಲದ ಇಂಗ್ಲಿಷು, ತನ್ನದಲ್ಲದ ವಿಷಯ ಎಂದು ಅದು ತಿಳಿದಿದೆ.

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಒಂದು ಹುಡುಗಿ. ತಂದೆ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮೇಸ್ತ್ರಿ. ಮೂರನೆಯ ವರ್ಷದ ಬಿ.ಕಾಂ.ನಲ್ಲಿ ಕ್ಯಾಂಪಸ್ಸಿಗೆ ಕಂಪನಿ ಬರುತ್ತದೆ, ಮೊದಲು ಐದು ನಿಮಿಷ ಪ್ರೆಸೆಂಟೇಶನ್ ಕೊಡಬೇಕು ಎಂದು ನನ್ನ ಬಳಿ ಬಂದಳು. ಜಾಗತೀಕರಣದ ಬಗ್ಗೆ ಎಲ್ಲಿಂದಲೋ ತೆಗೆದ ನಾಲ್ಕು ಪುಟ ಬಾಯಿಪಾಠವಾಗಿತ್ತು. ಒಂದು ಪದ ತಪ್ಪಿದರೆ ಮತ್ತೆ ಮೊದಲಿನಿಂದ. "ಅಂಕಲ್, ನಡುವೆ ಮರೆತರೆ ಏನು ಮಾಡಲಿ?" ಎಂದು ಕೇಳಿದಳು. ಮರೆಯಲು ಸಾಧ್ಯವಿಲ್ಲದ ವಿಷಯ ಹೇಳು ಮಗಾ, ಅಪ್ಪನ ಕ್ಯಾಂಟೀನಿನಲ್ಲಿ ನಾಳೆ ಎಷ್ಟು ಊಟ ಬೇಕೆಂದು ಇಂದು ಹೇಗೆ ನಿರ್ಧರಿಸುತ್ತಾರೆ, ಗೊತ್ತೇ ಎಂದೆ. ಗೊತ್ತಿಲ್ಲದೆ ಏನು! ಪಾಳಿಯ ಲೆಕ್ಕ, ಶನಿವಾರ ಕಡಿಮೆಯಾಗುವುದು, ಸಂಬಳದ ಮರುದಿನ ಹೊರಗೆ ತಿನ್ನಲು ಹೋಗುವವರು, ಮಳೆ ಜೋರಾದರೆ ಲೋಕಲ್ ನಿಂತು ಅರ್ಧ ಅನ್ನ ಉಳಿಯುವುದು, ಉಳಿದರೆ ಯಾರ ಗಂಟಿಗೆ ನಷ್ಟ ಎಂಬುದು. ಕನ್ನಡದಲ್ಲಿ ಒಂದೇ ಉಸಿರಿಗೆ ಹತ್ತು ನಿಮಿಷ ಹೇಳಿದಳು. ಅದರಲ್ಲಿ ಐದು ನಿಮಿಷದ್ದನ್ನು ಆರಿಸಿದೆವು. ಮೊದಲ ವಾಕ್ಯ, ಕೊನೆಯ ವಾಕ್ಯ ಮಾತ್ರ ಇಂಗ್ಲಿಷಿನಲ್ಲಿ ಬರೆದುಕೊಂಡಳು. ನಡುವಿನದಕ್ಕೆ ಒಂದು ಚೀಟಿಯಲ್ಲಿ ಐದು ಪದ. ಒಂದು ವಾರ ರಾತ್ರಿ ಊಟದ ಮೇಲೆ ನನ್ನ ಹೆಂಡತಿ, ಅವಳ ತಂದೆ-ತಾಯಿ ಮತ್ತು ನಾನು ಕೇಳುಗರಾಗಿ ಕೂತೆವು. ತಂದೆಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ಅನ್ನದ ಅಂಕೆ ಹೇಳುವಾಗ, "ಅದು ನಲ್ವತ್ತು ಕಿಲೋ ಅಲ್ಲ ಮಗಾ, ಮೂವತ್ತೈದು" ಎಂದು ತಿದ್ದಿದರು.

ಆ ಕಂಪನಿಯಲ್ಲಿ ಅವಳಿಗೆ ಕೆಲಸ ಸಿಗಲಿಲ್ಲ. ಪ್ರೆಸೆಂಟೇಶನ್ ದಾಟಿ ಮುಂದಿನ ಲಿಖಿತ ಪರೀಕ್ಷೆಯಲ್ಲಿ ನಿಂತಳು. ಅಂದು ಸಂಜೆ ಬೇಸರದಿಂದ ಬಂದವಳು, ಪ್ರೆಸೆಂಟೇಶನ್ ಮುಗಿದ ಮೇಲೆ ಅವರು ಮೂರು ಪ್ರಶ್ನೆ ಕೇಳಿದರು ಅಂಕಲ್, ಬೇರೆ ಯಾರಿಗೂ ಒಂದೂ ಕೇಳಲಿಲ್ಲ ಎಂದಳು. ಆಮೇಲೆ ಇನ್ನೊಂದು ಕಡೆ ಸೇರಿದ್ದಾಳೆ, ಸಂಬಳ ಸಾಧಾರಣ.

ನಮ್ಮ ಬಳಿಯೇ ಇರುವ ಶಾಲೆ

ಮಾತಿನ ಕಲೆಗಾಗಿ ಹೊರಗೆ ಹೋಗಬೇಕಾದ ಜನವೇ ನಾವು? ಮಳೆಗಾಲ ಬಂದರೆ ಊರಿನ ಅರ್ಥಧಾರಿಗಳು ಮುಂಬಯಿಗೆ ಬಂದು ಸಭಾಂಗಣಗಳಲ್ಲಿ ತಾಳಮದ್ದಳೆ ನಡೆಸುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಬರೆದ ಸಂಭಾಷಣೆಯಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಆ ನಾಲ್ಕು ಸಾಲಿನಿಂದ ಅರ್ಥಧಾರಿ ಅರ್ಧ ಗಂಟೆಯ ಮಾತು ಕಟ್ಟುತ್ತಾನೆ. ಎದುರಿಗೆ ಇನ್ನೊಬ್ಬ ಕೂತಿರುತ್ತಾನೆ, ಇವನ ಒಂದು ಮಾತು ಸಡಿಲವಾದರೆ ಹಿಡಿಯಲು. ಆದ್ದರಿಂದ ಅಲ್ಲಿ ಮಾತಿನಷ್ಟೇ ಕಿವಿಯೂ ಬೇಕು. ಕಂಪನಿಗಳ ಗುಂಪು ಚರ್ಚೆಯಲ್ಲಿ ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಕಿವಿಯಲ್ಲಿ. ತಮ್ಮ ಸರದಿಗೆ ಕಾಯುತ್ತ, ಮೊದಲೇ ಜೋಡಿಸಿಟ್ಟದ್ದನ್ನು ಒಪ್ಪಿಸುತ್ತಾರೆ, ಹಿಂದಿನವನು ಹೇಳಿದ್ದು ಕೇಳಿರುವುದಿಲ್ಲ.

ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಅರ್ಥ ಹೇಳುವುದನ್ನು ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಖಳ ಪಾತ್ರಗಳಿಗೂ ಅವರು ಕೊಡುತ್ತಿದ್ದ ವಾದದ ಬಲವನ್ನು ಮರೆಯುವಂತಿಲ್ಲ. 'ಕೃಷ್ಣಸಂಧಾನ' ಪ್ರಸಂಗವನ್ನೇ ನೋಡಿ. ಒಬ್ಬ ದೂತ ಅರ್ಧ ರಾಜ್ಯ ಕೇಳಲು ಬಂದು ಐದು ಹಳ್ಳಿಗೆ ಇಳಿಯುತ್ತಾನೆ. ಎಲ್ಲಿ ಬಗ್ಗಬೇಕು, ಎಲ್ಲಿ ಬಿಗಿಯಬೇಕು, ಕೊಡದವನ ತಪ್ಪು ಸಭೆಗೆ ಕಾಣುವಂತೆ ಹೇಗೆ ಕೇಳಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಎಂ.ಬಿ.ಎ. ತರಗತಿಯಲ್ಲೂ ಸಿಗಲಿಕ್ಕಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಅಲ್ಲಿಯ ಕೇಳುಗ ರಾತ್ರಿಯಿಡೀ ಕೂರಲು ಬಂದವನು, ಸಂದರ್ಶನದವನಿಗೆ ಮುಂದಿನ ಅಭ್ಯರ್ಥಿ ಬಾಗಿಲ ಹೊರಗೆ ಕಾಯುತ್ತಿರುತ್ತಾನೆ.

ಆದರೆ ನಮ್ಮ ಸಂಘ-ಸಂಸ್ಥೆಗಳ ವೇದಿಕೆಯಲ್ಲಿ ಮಕ್ಕಳ ಬಾಯಿ ತೆರೆಯುವುದು ಎಲ್ಲಿ? ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿವೇತನ ವಿತರಣೆ ತಪ್ಪದೆ ಇರುತ್ತದೆ. ಹೆಸರು ಕರೆಯುತ್ತಾರೆ, ಮಗು ಹತ್ತಿ ಬರುತ್ತದೆ, ಅತಿಥಿಗಳ ಕೈಯಿಂದ ಲಕೋಟೆ ತೆಗೆದುಕೊಳ್ಳುತ್ತದೆ, ಫೋಟೋ ತೆಗೆಯುವವನ ಕಡೆ ತಿರುಗುತ್ತದೆ, ಇಳಿದು ಹೋಗುತ್ತದೆ. ಒಂದು ಮಾತಿಲ್ಲ. ಅದಕ್ಕೂ ಮೊದಲು "ಎರಡೇ ಮಾತು ಹೇಳುತ್ತೇನೆ" ಎಂದು ಎದ್ದ ಗಣ್ಯರು ಇಪ್ಪತ್ತೈದು ನಿಮಿಷ ತೆಗೆದುಕೊಂಡಿರುತ್ತಾರೆ. ನಾನೂ ಇಂಥ ಸಭೆಗಳಲ್ಲಿ ವಂದನಾರ್ಪಣೆ ಮಾಡಿದವನೇ, ಯಾರನ್ನೂ ನೋಯಿಸಲು ಹೇಳುವುದಲ್ಲ.

ನಮ್ಮ ಪರಿಸರದ ಒಂದು ಸಣ್ಣ ಸಮಿತಿಯಲ್ಲಿ ಎರಡು ವರ್ಷಗಳಿಂದ ಕ್ರಮ ಸ್ವಲ್ಪ ಬದಲಿಸಿದ್ದೇವೆ. ವಿದ್ಯಾರ್ಥಿವೇತನ ಪಡೆಯುವ ಕಾಲೇಜು ಮಕ್ಕಳು ಮೈಕಿನ ಮುಂದೆ ಎರಡು ನಿಮಿಷ ಮಾತನಾಡಬೇಕು. ಭಾಷೆ ಯಾವುದಾದರೂ ಸರಿ. ಸಂಸ್ಥೆಗೆ ಕೃತಜ್ಞತೆ, ಗಣ್ಯರ ಹೊಗಳಿಕೆ ಬೇಡವೆಂದು ಮೊದಲೇ ಹೇಳುತ್ತೇವೆ. ತಾನು ಕಲಿಯುತ್ತಿರುವುದರಲ್ಲಿ ಒಂದು ಸಂಗತಿಯನ್ನು ಮುಂದಿನ ಸಾಲಿನ ಅಜ್ಜಿಗೆ ಅರ್ಥವಾಗುವಂತೆ ಹೇಳಬೇಕು. ಮೊದಲ ವರ್ಷ ಇಬ್ಬರು ಹೆತ್ತವರು ಸಿಟ್ಟಾದರು, ಹಣ ಕೊಡಲು ಮಕ್ಕಳನ್ನು ಕುಣಿಸುತ್ತೀರಾ ಎಂದು. ಅವರ ಮಾತಿನಲ್ಲೂ ಅರ್ಥವಿತ್ತು. ಆದ್ದರಿಂದ ಲಕೋಟೆಯನ್ನು ಮೊದಲೇ ಮನೆಗೆ ಮುಟ್ಟಿಸಿ, ಮಾತನ್ನು ಬೇರೆಯೇ ಕಾರ್ಯಕ್ರಮವಾಗಿ ಇಟ್ಟೆವು. ಮಾತನಾಡದಿದ್ದರೂ ಹಣ ಹಣವೇ.

ಈ ವರ್ಷ ಹದಿನಾಲ್ಕು ಮಕ್ಕಳಲ್ಲಿ ಒಂಬತ್ತು ಮಂದಿ ಬಂದರು. ಒಬ್ಬ ಹುಡುಗ ಜಿ.ಎಸ್.ಟಿ. ಎಂದರೇನೆಂದು ತುಳುವಿನಲ್ಲಿ ಹೇಳುತ್ತ ನಡುವೆ ನಿಂತುಹೋದ. ಮೈಕು ಹಿಡಿದುಕೊಂಡು ಸುಮ್ಮನೆ ನಿಂತಿದ್ದ, ಸಭೆಯೂ ಸುಮ್ಮನಿತ್ತು. ಮುಂದಿನ ಸಾಲಿನಿಂದ ಒಬ್ಬ ಅಜ್ಜಿ, "ಅಲ್ಲ ಮಗಾ, ನಾನು ಹಾಲಿಗೂ ಕೊಡಬೇಕಾ ಅದನ್ನು?" ಎಂದು ಕೇಳಿದರು. ತಾಜಾ ಹಾಲಿಗೆ ಇಲ್ಲ ಅಜ್ಜಿ ಎಂದು ಆರಂಭಿಸಿದವನು ಮೂರುವರೆ ನಿಮಿಷ ಮಾತನಾಡಿದ. ಕ್ಯಾಲ್ಕುಲೇಟರಿನ ಪಕ್ಕ ಗಡಿಯಾರ ಇಟ್ಟುಕೊಂಡು ಕೂತಿದ್ದ ನಾನು ಗಂಟೆ ಬಾರಿಸಲಿಲ್ಲ.